ಹೊಲದಾಗ ಹುಟ್ಟಿದ ಮಕ್ಕಳಿಗೂ ಶಿಬಿರ ಬೇಕಾ?



ಏಪ್ರಿಲ್ ಬಂತು ಅಂದ್ರೆ ನಮ್ಮ ಸುದ್ದಿಮನೆಗೆ ಮಕ್ಕಳ ಬಗ್ಗೆ ಎರಡು ಥರದ ಮಾಹಿತಿ ಬರೋಕೆ ಶುರುವಾಗುತ್ತೆ. ಒಂದು, ಜಾಹೀರಾತು. ಬೆಂಗಳೂರಿನ ಹೊರಗೆ ಯಾವುದೋ ತೋಟದಲ್ಲಿ ಮಕ್ಕಳಿಗೆ ಪ್ರಕೃತಿ ಶಿಬಿರ. ಮಣ್ಣಲ್ಲಿ ಆಡಬಹುದು, ಮರ ಹತ್ತಬಹುದು, ಹಸುವಿನ ಹಾಲು ಕರೆಯಬಹುದು, ರಾತ್ರಿ ನಕ್ಷತ್ರ ನೋಡಬಹುದು. ಶುಲ್ಕ ಸಾವಿರಗಳ ಲೆಕ್ಕದಲ್ಲಿ. ಇನ್ನೊಂದು, ಸುದ್ದಿ. ಕೃಷಿ ಹೊಂಡದಲ್ಲಿ ಈಜಲು ಹೋದ ಬಾಲಕರು ನೀರುಪಾಲು. ಊರಿನ ಹೆಸರು ಬದಲಾಗುತ್ತೆ, ವಯಸ್ಸು ಬದಲಾಗುತ್ತೆ. ವಾಕ್ಯ ಮಾತ್ರ ಪ್ರತಿ ಬೇಸಿಗೆಯಲ್ಲೂ ಅದೇ. ಅದನ್ನ ನಾನು ಎಷ್ಟು ಸಲ ಓದಿದ್ದೀನೋ ಲೆಕ್ಕ ಇಟ್ಟಿಲ್ಲ.

ಇವತ್ತು ಈ ಎರಡನ್ನೂ ಪಕ್ಕಪಕ್ಕ ಇಟ್ಟು ಮಾತಾಡಬೇಕು ಅನ್ನಿಸಿದೆ. ಕಾರಣ, ಗೊಬ್ಬೂರು.

ಕಲಬುರಗಿಯಿಂದ ಅಫಜಲಪುರದ ಕಡೆ ಹೋಗುವಾಗ ಸಿಗುವ ಊರು ಇದು. ಅಲ್ಲಿಗೆ ನಾನು ಹೋಗಿದ್ದು ಬಿಸಿಲಿನ ವರದಿಗೆ. ಕಲಬುರಗಿ ಬಿಸಿಲು ಅಂದ್ರೆ ನಿಮಗೆ ಹೇಳಬೇಕಾಗಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 42, 43 ಡಿಗ್ರಿ ಅಲ್ಲಿ ಸುದ್ದಿಯೇ ಅಲ್ಲ. ಎರಿ ಹೊಲಗಳೆಲ್ಲ ಖಾಲಿ. ತೊಗರಿ ಮನೆ ಸೇರಿ ತಿಂಗಳುಗಳಾಗಿತ್ತು, ಜೋಳದ ಕಣಿಕಿ ಬಣವೆ ಸೇರಿತ್ತು. ನೆಲ ಕೈ ತೂರುವಷ್ಟು ಬಿರುಕು ಬಿಟ್ಟಿತ್ತು. ಒಂದು ಬೇವಿನ ಮರದ ನೆರಳಲ್ಲಿ ಇಬ್ಬರು ಹುಡುಗರು ಎಮ್ಮೆ ಬಿಟ್ಟುಕೊಂಡು ಕೂತಿದ್ದರು. ಹತ್ತು, ಹನ್ನೊಂದು ವರ್ಷ ಇರಬಹುದು.

'ತಮ್ಮಾ, ಸೂಟಿ ಒಳಗ ಏನ್ ಮಾಡ್ತಿ?' ಅಂದೆ.

'ಮುಂಜಾನಿ ಅಪ್ಪನ ಜೋಡಿ ತೊಗರಿ ಕೂಳಿ ಆರಸ್ತೀನ್ರಿ. ಆಮ್ಯಾಲ ಎಮ್ಮಿ ಕಾಯ್ತೀನ್ರಿ.'

ಕೂಳಿ ಅಂದ್ರೆ ಬೆಳೆ ಕೊಯ್ದ ಮೇಲೆ ನೆಲದಲ್ಲಿ ಉಳಿಯೋ ಬುಡ. ತೊಗರಿಯ ಬುಡ ಕಟ್ಟಿಗೆಯಷ್ಟು ಗಟ್ಟಿ. ಬರಿಗಾಲಿಗೆ ಚುಚ್ಚಿದ್ರೆ ರಕ್ತ ಬರುತ್ತೆ.

ನಾನು ಬೆಂಗಳೂರಿನ ಶಿಬಿರದ ಕಥೆ ಹೇಳಿದೆ. 'ಎಮ್ಮಿ ತೋರಸಾಕ, ಹೊಲದಾಗ ಅಡ್ಡಾಡಾಕ ಅಲ್ಲಿ ರೊಕ್ಕ ಕೊಡ್ತಾರ, ಗೊತ್ತದ ಏನು?'

'ಯಾರಿಗ್ರಿ? ಎಮ್ಮಿ ಕಾಯವ್ರಿಗೇನ್ರಿ?'

'ಇಲ್ಲಪ್ಪಾ. ಕಾಯಾಕ ಬರೋ ಮಕ್ಕಳೇ ಕೊಡ್ತಾರ.'

ಇಬ್ಬರೂ ಹೊಟ್ಟೆ ಹಿಡ್ಕೊಂಡು ನಕ್ಕರು. 'ಹಂಗಂದ್ರ ಅವ್ರನ್ನ ಇಲ್ಲಿಗೇ ಕರ್ಕೊಂಡ್ ಬರ್ರಿ ಸರ' ಅಂದ ಒಬ್ಬ.

ನಾನೂ ನಕ್ಕೆ. ಆಮೇಲೆ ಕೇಳಿದೆ, 'ಈಜಾಕ ಎಲ್ಲಿ ಹೋಗ್ತೀರಿ?' ಒಬ್ಬ ದೂರದ ಕೃಷಿ ಹೊಂಡದ ಕಡೆ ಕೈ ಮಾಡಿದ. 'ಇಬ್ಬರಿಗೂ ಬರ್ತದೇನು?'

'ಇವಂಗ ಬರ್ತದ್ರಿ. ನಂಗ ಬರಂಗಿಲ್ರಿ. ನಾ ದಂಡಿಗಿ ಕುಂದ್ರತೀನಿ.'

ನನ್ನ ನಗು ಅಲ್ಲಿಗೆ ನಿಂತಿತು.

ವೀಕ್ಷಕರೇ, ದುಡ್ಡು ಕೊಟ್ಟು ಎಮ್ಮೆ ನೋಡೋ ಪೇಟೆ ಮಕ್ಕಳನ್ನ ಗೇಲಿ ಮಾಡೋಕೆ ನಾನು ಇದನ್ನ ಹೇಳ್ತಾ ಇಲ್ಲ. ಹನ್ನೆರಡನೇ ಮಹಡಿಯಲ್ಲಿ ಬೆಳೆಯೋ ಮಗುವಿಗೆ ಮಣ್ಣು ಮುಟ್ಟೋ ಹಕ್ಕಿದೆ. ಮಕ್ಕಳು ಪ್ರಕೃತಿಯಿಂದ ದೂರವಾಗ್ತಿರೋದರ ಬಗ್ಗೆ ಅಮೆರಿಕದ ರಿಚರ್ಡ್ ಲೂವ್ 2005ರಲ್ಲೇ ಒಂದು ಪುಸ್ತಕ ಬರೆದು ಎಚ್ಚರಿಸಿದ್ದರು. ಆ ಅಪ್ಪ ಅಮ್ಮಂದಿರ ಆತಂಕ ನಿಜವಾದದ್ದೇ. ನನ್ನ ಪ್ರಶ್ನೆ ಬೇರೆ. ಗೊಬ್ಬೂರಿನ ಆ ಇಬ್ಬರು ಹುಡುಗರಿಗೆ ಶಿಬಿರ ಬೇಡವಾ? 'ಅವರು ಹೊಲದಾಗೇ ಇರ್ತಾರಲ್ರೀ, ಅವರಿಗೆಂಥ ಶಿಬಿರ' ಅಂತ ನಾವು ಸುಲಭವಾಗಿ ಹೇಳಿಬಿಡ್ತೀವಿ. ಅಲ್ಲೇ ತಪ್ಪುತ್ತಿರೋದು.

ಹೊಲದಲ್ಲಿ ಇರೋದು ಬೇರೆ, ಹೊಲದಿಂದ ಕಲಿಯೋದು ಬೇರೆ. ನಮ್ಮ ಬಾಲಕಾರ್ಮಿಕ ಕಾನೂನಿಗೆ 2016ರಲ್ಲಿ ತಿದ್ದುಪಡಿ ಆಯಿತು. 14 ವರ್ಷದೊಳಗಿನ ಮಕ್ಕಳನ್ನ ಯಾವ ಕೆಲಸಕ್ಕೂ ಇಟ್ಟುಕೊಳ್ಳುವಂತಿಲ್ಲ. ಆದರೆ ಶಾಲೆ ಬಿಟ್ಟ ಮೇಲೆ, ಇಲ್ಲವೇ ರಜೆಯಲ್ಲಿ, ಅಪಾಯವಿಲ್ಲದ ಕೆಲಸದಲ್ಲಿ ಮನೆಯವರಿಗೆ ನೆರವಾಗಬಹುದು. ಕಾನೂನು ಬಿಟ್ಟುಕೊಟ್ಟಿದ್ದು ನೆರವಾಗೋದಕ್ಕೆ. ಬಡತನ ಅದನ್ನ ಎರಡು ತಿಂಗಳ ದುಡಿಮೆ ಮಾಡಿಬಿಡುತ್ತೆ. ಇನ್ನು ಕೆಲವರ ಮಕ್ಕಳು ರಜೆಯಲ್ಲಿ ಊರಲ್ಲೇ ಇರಲ್ಲ. ಅಪ್ಪ ಅವ್ವನ ಜೊತೆ ಗುಳೆ ಹೋಗಿ ಪುಣೆ, ಮುಂಬೈ, ಬೆಂಗಳೂರಿನ ಕಟ್ಟಡಗಳ ಪಕ್ಕದ ಶೆಡ್ಡಿನಲ್ಲಿ ಇರ್ತಾರೆ.

ಇದಕ್ಕೊಂದು ಆಕ್ಷೇಪ ಬರುತ್ತೆ, ನಂಗೊತ್ತು. 2025ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಕಲಬುರಗಿ ಜಿಲ್ಲೆ ರಾಜ್ಯಕ್ಕೆ ಕೊನೆ. ಪಾಸಾಗೋದೇ ಕಷ್ಟ ಇರುವಾಗ ಮಣ್ಣಾಟ ಯಾಕ್ರೀ, ಟ್ಯೂಷನ್ ಕೊಡಿಸಿ ಅಂತೀರಿ. ಸರಿ. ಆದರೆ ಒಂದು ಪ್ರಶ್ನೆ. ಎರಿ ಹೊಲ ಯಾಕೆ ಬಿರುಕು ಬಿಡುತ್ತೆ? ಆ ಹುಡುಗ ಹುಟ್ಟಿದಾಗಿನಿಂದ ಆ ಬಿರುಕು ನೋಡಿದ್ದಾನೆ. ಅದರೊಳಗೆ ಅವನ ಗೋಲಿ ಬಿದ್ದಿರಬೇಕು. ಯಾಕೆ ಅಂತ ಅವನಿಗೆ ಯಾರೂ ಹೇಳಿಲ್ಲ, ಯಾರೂ ಕೇಳಿಲ್ಲ. ಆ ಮಣ್ಣಿನ ಜೇಡಿ ನೀರು ಕುಡಿದ್ರೆ ಉಬ್ಬುತ್ತೆ, ಒಣಗಿದ್ರೆ ಕುಗ್ಗುತ್ತೆ. ಕುಗ್ಗಿದಾಗ ನೆಲ ಸೀಳುತ್ತೆ. ಎರಡು ತಟ್ಟೆ ಸಾಕು. ಒಂದರಲ್ಲಿ ಎರಿ ಮಣ್ಣಿನ ಕೆಸರು, ಇನ್ನೊಂದರಲ್ಲಿ ಮಸಾರಿ ಮಣ್ಣಿನ ಕೆಸರು. ಬಿಸಿಲಿಗಿಡಿ. ಯಾವುದು ಹೆಚ್ಚು ಬಿರುಕು ಬಿಡ್ತು ಅಂತ ಸಂಜೆ ನೋಡಿ. ವಿಜ್ಞಾನದ ಪಾಠ ಅಲ್ಲಿಂದ ಶುರುವಾಗುತ್ತೆ.

ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿ ಮಾನ್ಯತೆ ಸಿಕ್ಕಿತು. ಆ ತೊಗರಿಯ ಬೇರು ನೆಲದಾಳಕ್ಕೆ ಇಳಿಯುತ್ತೆ, ಅದಕ್ಕೇ ಮಳೆ ಕೈಕೊಟ್ಟರೂ ಒಂದಷ್ಟು ತಡ್ಕೊಳ್ಳುತ್ತೆ. ಬೇರಿನ ಗಂಟುಗಳಲ್ಲಿರೋ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನ ಹಿಡಿದು ಗಿಡಕ್ಕೆ ಕೊಡುತ್ತವೆ. ಇದು ಶಾಲೆಯ ಪುಸ್ತಕದಲ್ಲಿದೆ. ಗಿಡ ಹೊಲದಲ್ಲಿದೆ. ಇವೆರಡೂ ಒಂದೇ ಅಂತ ಮಗುವಿಗೆ ತೋರಿಸೋರು ಬೇಕು. ಶಿಬಿರ ಅಂತ ನಾನು ಕರೀತಿರೋದು ಅದನ್ನೇ.

ಗೊಬ್ಬೂರಿನ ಶಿಬಿರ ಮಲೆನಾಡಿನ ತೋಟದ ಶಿಬಿರದ ನಕಲಾದರೆ ಕೆಡುತ್ತೆ. ಅಲ್ಲಿ ಹಲಸು, ಮಾವು, ತೊರೆ ಇದೆ. ಇಲ್ಲಿ ಬೆಳಿಗ್ಗೆ ಹತ್ತಾದರೆ ಮಕ್ಕಳನ್ನ ಹೊರಗೆ ನಿಲ್ಲಿಸೋಕಾಗಲ್ಲ. ಹಾಗಾಗಿ ಆರರಿಂದ ಒಂಬತ್ತು ಹೊಲದಲ್ಲಿ. ಬಿಸಿಲಿನ ಹೊತ್ತು ಗ್ರಂಥಾಲಯದ ನೆರಳಲ್ಲಿ ಓದು, ಬರಹ, ಚಿತ್ರ. ಸಂಜೆ ಐದರ ಮೇಲೆ ಮತ್ತೆ ಹೊರಗೆ. ರಾತ್ರಿ ಮಾಳಿಗೆ ಮೇಲೆ ಮಲಗಿ ನಕ್ಷತ್ರ. ರೋಹಿಣಿ ಮಳೆ ಯಾವಾಗ, ಮಿರಗ ಯಾವಾಗ, ಯಾವ ಮಳೆಗೆ ಏನು ಬಿತ್ತಬೇಕು ಅಂತ ಲೆಕ್ಕ ಹೇಳೋ ಮುತ್ಯಾಗಳು ಈ ಊರುಗಳಲ್ಲಿ ಇನ್ನೂ ಇದ್ದಾರೆ. ಬೀಜ ಕಾದಿಡೋ ಆಯಿಗಳಿದ್ದಾರೆ. ಅವರೇ ಮೇಷ್ಟ್ರು. ಜಪಾನಿನ ತೊತ್ತೊಚಾನ್ ಪುಸ್ತಕ ನಿಮ್ಮಲ್ಲಿ ಹಲವರು ಓದಿರ್ತೀರಿ. ಅದರಲ್ಲಿ ಹೆಡ್‌ಮಾಸ್ಟರ್ ಕೊಬಯಾಶಿ ಒಬ್ಬ ರೈತನನ್ನ ಕರೆದು, ಇವರು ನಿಮ್ಮ ಬೇಸಾಯದ ಮೇಷ್ಟ್ರು ಅಂತ ಮಕ್ಕಳಿಗೆ ಪರಿಚಯ ಮಾಡಿಸ್ತಾರೆ. ನಮ್ಮ ಮುತ್ಯಾನನ್ನ ಹಾಗೆ ಯಾರಾದರೂ ಪರಿಚಯ ಮಾಡಿಸಿದ್ದಾರಾ?

ಇದೇನೂ ಹೊರಗಿನಿಂದ ತಂದ ವಿಚಾರ ಅಲ್ಲ. 1930ರ ದಶಕದಲ್ಲೇ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಜೊತೆ ಇಂಥ ಪ್ರಯೋಗ ಮಾಡಿದ್ದರು. ಅಷ್ಟೇ ಯಾಕೆ, ಕಲಬುರಗಿ ಸೀಮೆಯ ಎಳ್ಳ ಅಮಾವಾಸ್ಯೆ ಏನು? ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗ್ತಾರೆ. ಚರಗ ಚೆಲ್ತಾರೆ. ಸಜ್ಜಿ ರೊಟ್ಟಿ, ಭಜ್ಜಿ, ಅಂಬಲಿ. ಗೊತ್ತಿದ್ದವರು, ಗೊತ್ತಿಲ್ಲದವರು ಎಲ್ಲರಿಗೂ ಊಟ. ಆ ಒಂದು ದಿನ ಮಕ್ಕಳು ಹೊಲದಲ್ಲಿ ಕೂಲಿಗಳಲ್ಲ, ಮಕ್ಕಳು. ನಾನು ಕೇಳ್ತಿರೋದು ಅಂಥ ಇನ್ನೊಂದು ಹದಿನೈದು ದಿನ.

ಯಾರು ಮಾಡಬೇಕು? ಗ್ರಾಮ ಪಂಚಾಯಿತಿ ಅರಿವು ಕೇಂದ್ರಗಳಿವೆ, ಅಲ್ಲಿ ಬೇಸಿಗೆ ಶಿಬಿರ ನಡೆಸೋ ಪದ್ಧತಿಯೂ ಬಂದಿದೆ. ಕಲಬುರಗಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ. ಊಟ? 2024ರ ಬೇಸಿಗೆಯಲ್ಲಿ ಬರಪೀಡಿತ ತಾಲೂಕುಗಳ ಶಾಲೆಗಳಲ್ಲಿ ರಜೆಯಲ್ಲೂ ಬಿಸಿಯೂಟ ಕೊಟ್ಟರು. ಅಂದ್ರೆ ರಜೆಯಲ್ಲಿ ಒಲೆ ಹಚ್ಚೋಕೆ ಬರುತ್ತೆ ಅಂತ ಆಯ್ತಲ್ಲ. ಬರ ಬಂದಾಗ ಹಚ್ಚಿದ ಒಲೆಯನ್ನ ಮಕ್ಕಳು ಒಂದೆಡೆ ಸೇರಲಿ ಅಂತಲೂ ಹಚ್ಚಬಹುದು.

ಕೊನೆಗೆ ನೀರಿನ ಮಾತು. 2014ರಲ್ಲಿ ಕೃಷಿ ಭಾಗ್ಯ ಯೋಜನೆ ಬಂದ ಮೇಲೆ ಹೊಲಗಳಲ್ಲಿ ಹೊಂಡಗಳು ಹೆಚ್ಚಾದವು. ರೈತನಿಗೆ ಅವು ಆಸರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹೊಂಡಕ್ಕೆ ಕೆರೆಯ ಹಾಗೆ ಇಳಿಜಾರು ದಂಡೆ ಇರಲ್ಲ. ಪ್ಲಾಸ್ಟಿಕ್ ಹಾಳೆ ಹೊದಿಸಿದ್ದರಂತೂ ಕಾಲು ಜಾರಿದ ಮಗು ಹಿಡ್ಕೊಂಡು ಮೇಲೆ ಬರೋಕೆ ಏನೂ ಸಿಗಲ್ಲ. ಸುತ್ತ ಬೇಲಿ ಬೇಕು. ದಂಡೆಗೆ ಕಟ್ಟಿದ ಒಂದು ಹಗ್ಗ ಸದಾ ನೀರೊಳಗೆ ಇಳಿಬಿದ್ದಿರಬೇಕು. ಮುಳುಗ್ತಿರೋನನ್ನ ಎತ್ತೋಕೆ ಹಾರಬಾರದು, ಹಗ್ಗವನ್ನೋ ಗಳುವನ್ನೋ ಚಾಚಿ ಕೂಗಬೇಕು ಅಂತ ಪ್ರತಿ ಮಗುವಿಗೂ ಗೊತ್ತಿರಬೇಕು. ಗೊಬ್ಬೂರಿನಲ್ಲಿ ಶಿಬಿರ ಆದರೆ ಮೊದಲ ದಿನದ ಮೊದಲ ಪಾಠ ಅದೇ ಆಗಲಿ.

ಅವತ್ತು ನಾನು ಏನು ಮಾಡಿದೆ ಅಂತಲೂ ಹೇಳಿಬಿಡ್ತೀನಿ. 'ಹುಷಾರ್ರೋ ತಮ್ಮಾ' ಅಂದೆ, ಎಸಿ ಕಾರು ಹತ್ತಿದೆ. ರಾತ್ರಿ ಬಿಸಿಲಿನ ವರದಿ ಪ್ರಸಾರ ಆಯ್ತು. ಬಿರುಕು ಬಿಟ್ಟ ನೆಲ, ಬಾಯಾರಿದ ಎಮ್ಮೆ, ಎಲ್ಲ ಇತ್ತು. ಆ ಇಬ್ಬರು ಹುಡುಗರು ಇರಲಿಲ್ಲ, ಆ ಹೊಂಡವೂ ಇರಲಿಲ್ಲ. ಹೊಂಡ ನಮಗೆ ಸುದ್ದಿಯಾಗೋದು ಯಾರಾದರೂ ಸತ್ತ ಮೇಲೆ.

ಈ ಕಾರ್ಯಕ್ರಮವನ್ನ ಗೊಬ್ಬೂರಿನಲ್ಲಿ ಯಾರಾದರೂ ನೋಡ್ತಾ ಇದ್ದರೆ ಒಂದು ವಿನಂತಿ. ನಾಳೆ ಬೆಳಿಗ್ಗೆ ಆ ಹೊಂಡಕ್ಕೊಂದು ಹಗ್ಗ ಕಟ್ಟಿ. ಶಿಬಿರದ ಮಾತು ಆಮೇಲೆ ಪಂಚಾಯಿತಿಯಲ್ಲಿ ಕೂತು ಆಡೋಣ. ದಂಡೆಗೆ ಕೂರೋ ಆ ಹುಡುಗನಿಗೆ ಈಜು ಬರೋದು ತಡವಾದರೂ ಪರವಾಗಿಲ್ಲ, ಕೈಗೆ ಸಿಗೋ ಹಾಗೆ ಏನಾದರೂ ಇರಲಿ.