ಬಲಿಪೀಠದ ಸುತ್ತ ಎದ್ದ ಹೊಸ ಗೋಡೆಗಳು



ನೂರು ವರ್ಷ ತುಂಬಿದ ಈ ದೇವಾಲಯವನ್ನು ಹಾಗೆಯೇ ಉಳಿಸಿಕೊಳ್ಳಬೇಕೇ, ಕೆಡವಿ ಹೊಸದನ್ನು ಕಟ್ಟಬೇಕೇ ಎಂಬ ಚರ್ಚೆ ನಮ್ಮ ನಡುವೆ ನಡೆದಿದೆ. ಹಿರಿಯರಿಗೆ ಹಳೆಯ ಕಂಬಗಳ ಮೇಲೆ ಮಮತೆ. ಕಿರಿಯರಿಗೆ ಹೊಸ ಮಾದರಿಯ ಮೇಲೆ ಆಸೆ. ಕಳೆದ ಶತಮಾನದ ಯುರೋಪು ಇಂಥದೇ ಪ್ರಶ್ನೆಯನ್ನು ಹೇಗೆ ಎದುರಿಸಿತೆಂಬುದನ್ನು ಇಂದು ನಾವು ಆಲೋಚಿಸೋಣ.

ಆಧುನಿಕ ವಾಸ್ತುಶಿಲ್ಪವು ಕಾರ್ಖಾನೆಯ ಕೂಸು, ಧರ್ಮಕ್ಕೂ ಅದಕ್ಕೂ ನಂಟಿಲ್ಲ ಎಂಬ ಭಾವನೆ ಹಲವರಲ್ಲಿದೆ. ಇದು ಪೂರ್ಣ ಸತ್ಯವಲ್ಲ. ಪ್ಯಾರಿಸ್ಸಿನ ಸಮೀಪದ ಲ ರೆನ್ಸಿಯಲ್ಲಿ 1922–23ರಲ್ಲಿ ಓಗುಸ್ತ್ ಪೆರೆ ಎಂಬ ಶಿಲ್ಪಿ ದೇವಮಾತೆಯ ಆಲಯವನ್ನು ಕಟ್ಟಿದನು. ಹಣ ಅಲ್ಪವಾಗಿತ್ತು. ಆದುದರಿಂದ ಕಲ್ಲಿನ ಬದಲು ಕಬ್ಬಿಣ ಕೂಡಿದ ಕಾಂಕ್ರೀಟು, ಸಪುರ ಕಂಬಗಳು, ಗೋಡೆಗಳ ತುಂಬ ಬಣ್ಣದ ಗಾಜು. ಬಡತನವೇ ಅಲ್ಲಿ ಬೆಳಕಿಗೆ ದಾರಿ ಮಾಡಿತು.

ಜರ್ಮನಿಯಲ್ಲಿ ಪ್ರೇರಣೆ ಪೂಜಾವಿಧಿಯಿಂದಲೇ ಬಂದಿತು. ರೊಮಾನೊ ಗ್ವಾರ್ದೀನಿ ಎಂಬ ಗುರುಗಳು ರೋಥೆನ್‌ಫೆಲ್ಸ್ ಕೋಟೆಯಲ್ಲಿ ಯುವಜನರನ್ನು ಕೂಡಿಸುತ್ತಿದ್ದರು. ಅಲ್ಲಿ ಅವರೊಡನೆ ದುಡಿದ ಶಿಲ್ಪಿ ರುಡೋಲ್ಫ್ ಶ್ವಾರ್ಟ್ಸ್, ಬಲಿಪೀಠದ ಮೂರು ಬದಿಗಳಲ್ಲಿ ಜನರು ಕುಳಿತುಕೊಳ್ಳುವಂತೆ ಅಣಿಮಾಡಿದನು. 1930ರಲ್ಲಿ ಆಖೆನ್ ನಗರದಲ್ಲಿ ಅವನು ಕಟ್ಟಿದ ಪರಮಪ್ರಸಾದದ ದೇವಾಲಯದಲ್ಲಿ ಬಲಿಪೀಠದ ಹಿಂದೆ ಬಿಳಿಯ ಬರಿಗೋಡೆ ಮಾತ್ರ. ಅದನ್ನು ಬರಡೆಂದು ಜರೆದವರುಂಟು. ಅದು ಪ್ರಾರ್ಥನೆಯ ಮೌನವೆಂದು ಅರಿತವರೂ ಉಂಟು.

ಫ್ರಾನ್ಸಿನ ರೋಂಷಾಂ ಬೆಟ್ಟದ ಯಾತ್ರಾಸ್ಥಳವು 1944ರ ಯುದ್ಧದಲ್ಲಿ ನಾಶವಾಯಿತು. ಅದನ್ನು ಮತ್ತೆ ಕಟ್ಟುವ ಹೊಣೆ ಲ ಕಾರ್ಬ್ಯುಸಿಯೆಗೆ ಬಂದಿತು. ಅವನು ಪ್ರೊಟೆಸ್ಟಂಟ್ ಮನೆತನದವನು, ನಮ್ಮ ಸಭೆಯವನಲ್ಲ. ಆದರೂ ಡೊಮಿನಿಕನ್ ಗುರು ಮರಿ-ಅಲೆನ್ ಕುತ್ಯುರಿಯೆ ಅವನ ಪ್ರತಿಭೆಯನ್ನು ನಂಬಿ ಬೆಂಬಲಿಸಿದರು. ಅವರು 1954ರಲ್ಲಿ ತೀರಿಕೊಂಡರು. ಮರುವರ್ಷ ಆಲಯವು ಪ್ರತಿಷ್ಠೆಗೊಂಡಿತು. ಯಾತ್ರಿಕರ ಸಮೂಹಕ್ಕಾಗಿ ಹೊರಗೂ ಒಂದು ಬಲಿಪೀಠವುಂಟು. ಮಾತೆ ಮರಿಯಳ ಪ್ರತಿಮೆಯನ್ನು ಒಳಗಿನವರತ್ತಲೂ ಹೊರಗಿನವರತ್ತಲೂ ತಿರುಗಿಸಬಹುದು. ಎಲ್ಲಕ್ಕಿಂತ ನಮ್ಮ ಹೃದಯವನ್ನು ಮುಟ್ಟುವುದು ಇದು: ಹಾಳಾದ ಹಳೆಯ ಆಲಯದ ಕಲ್ಲುಗಳನ್ನು ಎಸೆಯದೆ, ಹೊಸ ಗೋಡೆಗಳೊಳಗೆ ಸೇರಿಸಿದರು.

ಎಲ್ಲ ಹೊಸತೂ ಸ್ವಾಗತ ಪಡೆಯಲಿಲ್ಲ. ಆಸಿ ಎಂಬಲ್ಲಿಯ ದೇವಾಲಯದಲ್ಲಿ ಇರಿಸಿದ್ದ ಹೊಸ ರೀತಿಯ ಶಿಲುಬೆಮೂರ್ತಿಯನ್ನು, ಭಕ್ತರ ಮನ ನೊಂದಿತೆಂದು, 1951ರಲ್ಲಿ ತೆಗೆಸಬೇಕಾಯಿತು. ಜನರ ಭಕ್ತಿಯನ್ನು ಮರೆತ ಕಲೆ ಜನರಿಂದ ದೂರವಾಗುತ್ತದೆ.

ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರಲ್ಲಿ ಈ ಎಲ್ಲ ಅನುಭವವನ್ನು ತೂಗಿ ನೋಡಿ, ಧರ್ಮಸಭೆಗೆ ತನ್ನದೇ ಎಂಬ ಒಂದು ಶೈಲಿಯಿಲ್ಲವೆಂದೂ, ವೈಭವಕ್ಕಿಂತ ಘನವಾದ ಸೌಂದರ್ಯವೂ ಭಕ್ತರ ಸಕ್ರಿಯ ಭಾಗವಹಿಸುವಿಕೆಯೂ ಮುಖ್ಯವೆಂದೂ ಸಾರಿತು. ಇಂದು ನಾವು ಬಲಿಪೀಠದ ಎದುರು ನಿಂತು ಕನ್ನಡದಲ್ಲಿ ಉತ್ತರಿಸುವಾಗ, ಆ ಕೋಟೆಯ ಯುವಜನರ ಋಣ ನಮ್ಮ ಮೇಲಿದೆ.

ಆದುದರಿಂದ, ಪ್ರಿಯರೇ, ಎತ್ತರ ಎಷ್ಟು, ಖರ್ಚು ಎಷ್ಟು ಎಂದು ಕೇಳುವುದಕ್ಕೆ ಮುನ್ನ, ಹಿಂದಿನ ಸಾಲಿನ ಮುದುಕಿಗೆ ಬಲಿಪೀಠ ಕಾಣುವುದೇ, ಬಾಗಿಲ ಹೊರಗೆ ನಿಂತವನಿಗೆ ಒಳಗೆ ಎಡೆಯಿದೆಯೇ ಎಂದು ಕೇಳೋಣ. ಉಳಿಸಿದರೂ ಕಟ್ಟಿದರೂ, ನಮ್ಮ ಪೂರ್ವಿಕರು ಹೊತ್ತು ತಂದ ಕಲ್ಲುಗಳು ನಮ್ಮ ಗೋಡೆಯೊಳಗೇ ಇರಲಿ. ಪ್ರಭು ಯೇಸು ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.