ಕಿಟಕಿ ಯಾರಿಗೆ?



ಬೀದರ ಪಟ್ಟಣ ದಾಟಿ ಪೂರ್ವಕ್ಕೆ ಮೂರು ಕಿಲೋಮೀಟರು ಹೋದರೆ ಅಷ್ಟೂರ. ದಾರಿಯಲ್ಲಿ ಮೊದಲು ಎಂಟು ಮೂಲೆಯ ಚೌಖಂಡಿ ಸಿಗುತ್ತದೆ. ಆಮೇಲೆ ಬಯಲಿನಲ್ಲಿ ಒಂದರ ಪಕ್ಕ ಒಂದು ನಿಂತಿರುವ ಬಹಮನಿ ಸುಲ್ತಾನರ ಗುಂಬಜಗಳು. ಮೊನ್ನೆ ಒಂದು ಭಾನುವಾರ ಬೆಳಿಗ್ಗೆ ನಮ್ಮಣ್ಣನ ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಗುಂಬಜ ತೋರಿಸುವುದು ನೆಪ. ಅವಳ ಮನಸ್ಸು ತಿರುಗಿಸುವುದು ಉದ್ದೇಶ.

ಭಾಲ್ಕಿ ಕಡೆಯ ಹುಡುಗಿ. ಐದು ವರ್ಷ ಆರ್ಕಿಟೆಕ್ಚರ್ ಓದಿದಳು. ಬೆಂಗಳೂರಿನಲ್ಲಿ ನಾಲ್ಕು ವರ್ಷ ದುಡಿದಳು. ಒಂದು ದಿನ ರಾಜೀನಾಮೆ ಕೊಟ್ಟು ಊರಿಗೆ ಬಂದಳು. ಈಗ ಔರಾದ ಕಡೆ ಒಂದು ಸಣ್ಣ ಖಾಸಗಿ ಶಾಲೆಯಲ್ಲಿ ಮಕ್ಕಳಿಗೆ ಗಣಿತ, ಚಿತ್ರಕಲೆ ಹೇಳಿಕೊಡುತ್ತಾಳೆ. ಸಂಬಳ ಮೊದಲಿನದರ ಮೂರನೇ ಒಂದು ಪಾಲೂ ಇಲ್ಲ. ನಮ್ಮಣ್ಣನಿಗೆ ಇದು ಇನ್ನೂ ಗಂಟಲಲ್ಲಿ ಇಳಿದಿಲ್ಲ. "ಹೊಲದ ಮ್ಯಾಲ ಸಾಲಾ ತೆಗ್ದು ಓದ್ಸಿದ್ದೆ. ಈಗ ಮಗ್ಗಿ ಹೇಳ್ಕೊಡ್ಲತ್ತಾಳ. ನೀನರೇ ಒಂದು ಮಾತು ಹೇಳು," ಎಂದು ನನ್ನ ಬೆನ್ನು ಹತ್ತಿದ್ದ. ಕಟ್ಟಡ ಕಲಿತವಳಿಗೆ ಬುದ್ಧಿ ಹೇಳಲು ಕಟ್ಟಡಕ್ಕಿಂತ ಒಳ್ಳೆಯ ಜಾಗ ಯಾವುದು? ಆರುನೂರು ವರ್ಷದ ಗುಂಬಜ ನೋಡಿದರೆ ಕೈ ಮತ್ತೆ ಪೆನ್ಸಿಲ್ ಕಡೆ ಹೋದೀತು ಎಂಬುದು ನನ್ನ ಲೆಕ್ಕ.

ಲೆಕ್ಕ ತಪ್ಪಿತು. ಹೇಗೆ ತಪ್ಪಿತು ಎಂಬುದನ್ನೇ ಈ ಹೊತ್ತು ನಿಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಅಹ್ಮದ್ ಶಾ ವಲಿಯ ಗುಂಬಜಕ್ಕೆ ಹೋದೆವು. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಸುಲ್ತಾನ ಈತ. ತೀರಿಕೊಂಡದ್ದು 1436ರಲ್ಲಿ. ಒಳಗೆ ಕಾಲಿಟ್ಟ ಕೂಡಲೇ ಕತ್ತಲೆ. ಕಣ್ಣು ಹೊಂದಿಕೊಳ್ಳುತ್ತ ಹೋದ ಹಾಗೆ ಗೋಡೆಯ ಮೇಲೆ ಕೆಂಪು ಮೂಡುತ್ತದೆ, ನೀಲಿ ಮೂಡುತ್ತದೆ, ಮೇಲೆ ಗುಮ್ಮಟದ ಹೊಟ್ಟೆಯಲ್ಲಿ ಬಂಗಾರದ ಅಕ್ಷರಗಳು ಮೂಡುತ್ತವೆ. ಪಕ್ಕದಲ್ಲಿ ಮಗ ಅಲಾವುದ್ದೀನನ ಗೋರಿ, ಹೊರಗೋಡೆಗೆ ಅಲ್ಲಲ್ಲಿ ಇನ್ನೂ ಅಂಟಿಕೊಂಡ ಬಣ್ಣದ ಹೆಂಚು. ಅದರಾಚೆ ಹುಮಾಯೂನನದು. 1461ರಲ್ಲಿ ಸತ್ತ ಈ ಸುಲ್ತಾನನಿಗೆ ಜನ ಇಟ್ಟ ಹೆಸರು ಜಾಲಿಮ, ಅಂದರೆ ಕ್ರೂರಿ. ಸಿಡಿಲು ಬಡಿದು ಅವನ ಗುಮ್ಮಟ ಸೀಳಿಹೋಗಿದೆ. ಕೊಯ್ದಿಟ್ಟ ಹಣ್ಣಿನ ಹಾಗೆ ಗೋಡೆಯ ದಪ್ಪ, ಕಮಾನಿನ ತಿರುವು ಎಲ್ಲ ಹೊರಗೇ ಕಾಣುತ್ತದೆ. ಆರ್ಕಿಟೆಕ್ಟ್ ಆದವರಿಗೆ ಇದಕ್ಕಿಂತ ದೊಡ್ಡ ಪಾಠ ಬೇಕೆ? ಸಾಲಿನ ಕೊನೆಗೆ ಹೋದಂತೆ ರಾಜ್ಯ ಕರಗಿದ್ದೂ ಕಾಣುತ್ತದೆ. ಕೊನೆಯ ಸುಲ್ತಾನರ ಗೋರಿಗಳು ಬಲು ಚಿಕ್ಕವು.

ನಾನು ಇದನ್ನೆಲ್ಲ ಉತ್ಸಾಹದಿಂದ ವರ್ಣಿಸುತ್ತಿದ್ದೆ. ಅವಳು ನೆಲ ನೋಡುತ್ತಿದ್ದಳು.

"ಚಪ್ಪಲ್ ಎಲ್ಲದಾವ ನೋಡ್ರಿ ಕಾಕಾ," ಅಂದಳು.

ನೋಡಿದೆ. ಇಷ್ಟೊಂದು ಗುಂಬಜಗಳಲ್ಲಿ ಚಪ್ಪಲಿ ಬಿಟ್ಟದ್ದು ಒಂದರ ಬಾಗಿಲಲ್ಲಿ ಮಾತ್ರ. ವಲಿಯ ಬಾಗಿಲಲ್ಲಿ. ಉಳಿದವುಗಳ ಮುಂದೆ ಫೋಟೊ ತೆಗೆದುಕೊಳ್ಳುವವರು ಬೂಟು ಹಾಕಿಕೊಂಡೇ ನಿಂತಿದ್ದರು.

ಅಷ್ಟೂರಿನ ಜಾತ್ರೆ ನಮ್ಮ ಭಾಗದವರಿಗೆ ಗೊತ್ತು. ಸುಲ್ತಾನನ ಉರುಸು ಅದು, ಆದರೆ ನಡೆಯುವುದು ನಮ್ಮ ಚಾಂದ್ರಮಾನ ಪಂಚಾಂಗದ ಲೆಕ್ಕದಲ್ಲಿ, ಹೋಳಿ ಹುಣ್ಣಿಮೆ ಕಳೆದ ಮೇಲೆ. ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಜಂಗಮರು ಭಕ್ತರನ್ನು ಕಟ್ಟಿಕೊಂಡು ಬರುತ್ತಾರೆ. ಗೋರಿಯ ಮುಂದೆ ಶಂಖ ಊದುತ್ತಾರೆ, ತೆಂಗಿನಕಾಯಿ ಒಡೆಯುತ್ತಾರೆ. ಮುಸಲ್ಮಾನರಿಗೆ ಆತ ವಲಿ, ಅಂದರೆ ಸಂತ; ಹಲವು ಲಿಂಗಾಯತ ಭಕ್ತರಿಗೆ ಅಲ್ಲಮಪ್ರಭುವಿನ ರೂಪ. ಗುಮ್ಮಟದ ಎತ್ತರ ಅಳೆಯಲು ಯಾರೂ ಬರುವುದಿಲ್ಲ. ಬರುವವರಿದ್ದಾರೆ, ಅದಕ್ಕೇ ಆ ಕಟ್ಟಡ ಬದುಕಿದೆ.

ಅಲ್ಲೇ ಕಟ್ಟೆಯ ಮೇಲೆ ಕೂತು ಹುಡುಗಿ ತನ್ನ ನಾಲ್ಕು ವರ್ಷದ ಕತೆ ಹೇಳಿದಳು. ಒಂದು ದೊಡ್ಡ ಅಪಾರ್ಟ್‌ಮೆಂಟು. ಅದರಲ್ಲಿ ಇವಳ ಪಾಲಿಗೆ ಬಂದದ್ದು ಬಾತ್‌ರೂಮುಗಳು. ಟೈಲ್ಸ್ ಯಾವ ಮೂಲೆಯಿಂದ ಶುರುವಾಗಬೇಕು, ನಲ್ಲಿ ನೆಲದಿಂದ ಎಷ್ಟು ಎತ್ತರ, ನೀರು ಯಾವ ಕಡೆ ಇಳಿಯಬೇಕು. ಕಂಪ್ಯೂಟರಿನ ಮುಂದೆ ಇದೇ ಗೆರೆ, ರಾತ್ರಿ ಹತ್ತರ ತನಕ. ಕಟ್ಟಡ ಎದ್ದು ಜನ ಬಂದು ಸೇರಿದ ಮೇಲೆ ಒಂದು ದಿನ ತಾನು ಗೆರೆ ಎಳೆದದ್ದು ಹೇಗಾಗಿದೆ ನೋಡೋಣ ಎಂದು ಹೋದಳಂತೆ. ಗೇಟಿನಲ್ಲಿ ಸೆಕ್ಯೂರಿಟಿಯವನು "ಯಾವ ಫ್ಲ್ಯಾಟ್ ಮೇಡಂ?" ಅಂದ. ಯಾವ ಫ್ಲ್ಯಾಟೂ ಅಲ್ಲ. ಒಳಗೆ ಬಿಡಲಿಲ್ಲ.

"ಅವನ ತಪ್ಪಿಲ್ಲ ಕಾಕಾ. ನಾಕು ವರ್ಷ ದುಡ್ದೆ. ಒಬ್ಬರ ಮಾರಿನೂ ನೋಡ್ಲಿಲ್ಲ."

ಮಾರಿ ಅಂದರೆ ನಮ್ಮ ಕಡೆ ಮುಖ. ಈ ಮಾತು ನನ್ನ ಬಾಯಿ ಕಟ್ಟಿತು. ನಮ್ಮೂರಿನ ಗೌಂಡಿ ನೆನಪಾದ. ಹಳ್ಳಿಯಲ್ಲಿ ಮನೆ ಮುಗಿದು ವಾಸ್ತುಶಾಂತಿ ಆದರೆ, ಗೌಂಡಿಯನ್ನು ಕರೆದು ಮಣೆಯ ಮೇಲೆ ಕೂರಿಸಿ ಬಟ್ಟೆ ಆಯೇರಿ ಮಾಡುತ್ತಾರೆ. ಕೂಲಿ ಎಂದೋ ಚುಕ್ತಾ ಆಗಿರುತ್ತದೆ. ಆದರೂ ಆ ಮನೆಯ ಮೊದಲ ಊಟದಲ್ಲಿ ಅವನಿಗೊಂದು ಎಲೆ ಇರುತ್ತದೆ. ಮುಂದೆ ಹತ್ತು ವರ್ಷ ಅದೇ ಓಣಿಯಲ್ಲಿ ಹಾಯುವಾಗ ಆ ಮನೆಯ ಮುದುಕಿ "ಮಾಳಗಿ ಸೋರ್ಲತ್ತದೋ" ಎಂದು ಬೈದರೂ ಬೈದಾಳು. ಆ ಬೈಗುಳವೂ ಒಂದು ಮಾರಿಯೇ. ಓದಿದ ನಮ್ಮ ಹುಡುಗಿಗೆ ಹೊಗಳಿಕೆ ಹಾಗಿರಲಿ, ಆ ಬೈಗುಳ ಕೂಡ ಸಿಕ್ಕಿರಲಿಲ್ಲ.

ಮನೆಗೆ ಬಂದ ಮೇಲೆ ನನಗೆ ಗೊತ್ತಿರುವ ಒಂದೆರಡು ಬದುಕುಗಳನ್ನು ನೆನೆದುಕೊಂಡೆ. ಇಂಗ್ಲಿಷ್ ಕಾದಂಬರಿಕಾರ ಥಾಮಸ್ ಹಾರ್ಡಿ ಹುಟ್ಟಿದ್ದು 1840ರಲ್ಲಿ, ಗೌಂಡಿಯ ಮಗನಾಗಿ. ಹದಿನಾರನೇ ವಯಸ್ಸಿಗೆ ಆರ್ಕಿಟೆಕ್ಟ್ ಒಬ್ಬರ ಕೈಕೆಳಗೆ ಸೇರಿದ. 1862ರಲ್ಲಿ ಲಂಡನ್ನಿಗೆ ಹೋದ. ಅಲ್ಲಿ ರೈಲು ಹಳಿಗಾಗಿ ಒಂದು ಹಳೆಯ ಸ್ಮಶಾನವನ್ನು ಅಗೆಯಬೇಕಾಯಿತು. ಗೋರಿಗಳನ್ನು ತೆರವು ಮಾಡಿಸುವ ಕೆಲಸದ ಉಸ್ತುವಾರಿ ಈ ಯುವಕನ ಪಾಲಿಗೆ ಬಂತು. 1870ರ ದಶಕದಲ್ಲಿ ತನ್ನ ಕಾದಂಬರಿಗಳನ್ನು ಜನ ಓದತೊಡಗಿದ ಮೇಲೆ ಆ ವೃತ್ತಿ ಬಿಟ್ಟ. ಬಿಟ್ಟನೇ ನಿಜವಾಗಿ? 1885ರಲ್ಲಿ ವಾಸಕ್ಕೆ ಹೋದ ಮನೆಗೆ ನಕ್ಷೆ ಹಾಕಿದವನು ಅವನೇ. ಮುಂದೆ ಬರೆದ 'ಜೂಡ್' ಕಾದಂಬರಿಯ ನಾಯಕ ಕಲ್ಲುಕುಟಿಗ. ಅರುಂಧತಿ ರಾಯ್ ದೆಹಲಿಯಲ್ಲಿ ಆರ್ಕಿಟೆಕ್ಚರ್ ಓದಿದವರು. ಆ ಕಾಲೇಜಿನ ಹುಡುಗರ ಬದುಕನ್ನೇ ಚಿತ್ರಕತೆ ಮಾಡಿದರು, 1989ರಲ್ಲಿ ಸಿನಿಮಾ ಬಂತು. 1997ರಲ್ಲಿ ಕಾದಂಬರಿಗೆ ಬುಕರ್ ಬಂತು. ಕಲಿತದ್ದು ಯಾರಿಗೂ ನೀರಿಗೆ ಹೋಗಲಿಲ್ಲ. ನಮ್ಮಣ್ಣನಿಗೆ ಇದನ್ನು ಹೇಳಬಹುದು.

ಆದರೆ ಬಿಟ್ಟರೇ ಬಿಡುಗಡೆ ಎಂದೂ ಇಲ್ಲ. ಬೆಂಗಳೂರಿನ ನಾಗರಾಜ ವಸ್ತಾರೆ ಕನ್ನಡದ ಕವಿ, ಕಥೆಗಾರ. ವೃತ್ತಿಯಲ್ಲಿ ಆರ್ಕಿಟೆಕ್ಟ್. ಒಂದೇ ಕೈಯಲ್ಲಿ ನಕ್ಷೆಯೂ ಕವಿತೆಯೂ ಬರುತ್ತವೆ. ಹಾಗಾದರೆ ಒಬ್ಬರಿಗೆ ಬಿಡಬೇಕು ಅನ್ನಿಸುವುದೇಕೆ, ಇನ್ನೊಬ್ಬರು ಉಳಿಯುವುದು ಹೇಗೆ?

ಉತ್ತರ ನಮ್ಮ ಜಿಲ್ಲೆಯಲ್ಲೇ ಇದೆ. ಹನ್ನೆರಡನೆಯ ಶತಮಾನದ ಬಸವಕಲ್ಯಾಣದಲ್ಲಿ ಶರಣರು ಕಾಯಕಕ್ಕೆ ಹೊಸ ಅರ್ಥ ಕೊಟ್ಟರು. ನಾವು ಆ ಶಬ್ದವನ್ನು ಕಚೇರಿಯ ಗೋಡೆಗೆಲ್ಲ ಬರೆಸಿಕೊಂಡಿದ್ದೇವೆ, ಆದರೆ ಅದರ ಜೋಡಿ ಶಬ್ದವನ್ನು ಮರೆತಿದ್ದೇವೆ. ಕಾಯಕದ ಜೋಡಿ ದಾಸೋಹ. ನೀನು ದುಡಿದದ್ದು ಯಾರನ್ನು ಮುಟ್ಟಿತು ಎಂಬುದು ಆ ಎರಡನೇ ಶಬ್ದದಲ್ಲಿದೆ. ಒಂದೇ ಎತ್ತಿನ ಬಂಡಿ ಎಷ್ಟು ದೂರ ಹೋದೀತು? ನುಲಿಯ ಚಂದಯ್ಯ ಹಗ್ಗ ಹೊಸೆದ, ಮೇದಾರ ಕೇತಯ್ಯ ಬುಟ್ಟಿ ಹೆಣೆದ. ಅವರು ಕಸುಬು ಬಿಡಲಿಲ್ಲ, ಕಸುಬು ಅವರ ಹೆಸರಿನಲ್ಲೇ ಉಳಿಯಿತು. ಇನ್ನೊಂದು ಕಡೆ ಮೋಳಿಗೆಯ ಮಾರಯ್ಯ. ಕಾಶ್ಮೀರದ ಅರಸನಾಗಿದ್ದವನು ಸಿಂಹಾಸನ ಬಿಟ್ಟು ಕಲ್ಯಾಣಕ್ಕೆ ಬಂದು ಕಟ್ಟಿಗೆ ಹೊರೆ ಹೊತ್ತು ಮಾರಿದ ಎಂದು ಪರಂಪರೆ ಹೇಳುತ್ತದೆ. ಅರಸನ ಆಜ್ಞೆ ಎಲ್ಲಿ ಹೋಗಿ ಯಾರ ಬದುಕು ಏನಾಯಿತೋ ಅರಸನಿಗೆ ಗೊತ್ತಾಗುವುದು ಕಷ್ಟ. ಕಟ್ಟಿಗೆ ಹಾಗಲ್ಲ. ಸಂಜೆ ಯಾವ ಮನೆಯ ಒಲೆ ಉರಿಯಿತು ಎಂಬುದು ಹೊಗೆ ನೋಡಿದರೇ ತಿಳಿಯುತ್ತದೆ.

ಇದು ಎಲ್ಲರೂ ಕೆಲಸ ಬಿಡಿ ಎನ್ನುವ ಮಾತಲ್ಲ. ನಮ್ಮ ಹುಡುಗಿ ಕೂಡ ಒಂದು ಬೆಳಿಗ್ಗೆ ಎದ್ದು ಓಡಿ ಬಂದವಳಲ್ಲ. ಕೊನೆಯ ಎರಡು ವರ್ಷ ಒಂದು ಹೊತ್ತು ಕಮ್ಮಿ ಉಂಡು ಹೊಲದ ಮೇಲಿನ ಸಾಲ ತೀರಿಸಿ, ಆರು ತಿಂಗಳಿನ ಖರ್ಚು ಕೈಯಲ್ಲಿಟ್ಟುಕೊಂಡು, ಆಮೇಲೆ ರಾಜೀನಾಮೆ ಬರೆದಳು. ಇದನ್ನು ನಮ್ಮಣ್ಣ ಹೇಳುವುದಿಲ್ಲ, ನಾನು ಹೇಳಬೇಕು. ನಮ್ಮ ದೇಶದಲ್ಲಿ ಆರ್ಕಿಟೆಕ್ಟ್ ಎಂದು ಹೇಳಿಕೊಳ್ಳಬೇಕಾದರೆ 1972ರ ಕಾಯ್ದೆಯಂತೆ ನೋಂದಣಿ ಬೇಕು. ಆ ನೋಂದಣಿಯನ್ನು ಅವಳು ಇವತ್ತಿಗೂ ಶುಲ್ಕ ಕಟ್ಟಿ ಉಳಿಸಿಕೊಂಡಿದ್ದಾಳೆ. ಬಾಗಿಲು ಎಳೆದುಕೊಂಡು ಬಂದಿದ್ದಾಳೆ, ಚಿಲಕ ಹಾಕಿಲ್ಲ.

ಇನ್ನು ಆ ಶಾಲೆಯ ಮಾತು. ಔರಾದ ಗಡಿಯ ತಾಲ್ಲೂಕು. ಒಂದೇ ತರಗತಿಯಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ಮಾತಾಡುವ ಮನೆಗಳ ಮಕ್ಕಳು. ಕ್ಷೇತ್ರಫಲದ ಪಾಠಕ್ಕೆ ಇವಳು ಪುಸ್ತಕ ತೆರೆಯಲಿಲ್ಲ. ಮಕ್ಕಳ ಕೈಗೆ ಹುರಿ ಕೊಟ್ಟು ತಮ್ಮ ಕೋಣೆಯನ್ನೇ ಅಳೆಯಿರಿ ಅಂದಳು. ನೆಲ ಅಳೆದರು, ಗೋಡೆ ಅಳೆದರು, ಕಿಟಕಿಯ ಹತ್ತಿರ ಬಂದು ನಿಂತರು. ಕೈ ನಿಲುಕಲಿಲ್ಲ. ನಾಲ್ಕನೇ ಇಯತ್ತೆಯ ಹುಡುಗಿಯೊಬ್ಬಳು ತಿರುಗಿ ಕೇಳಿದಳಂತೆ:

"ಟೀಚರ್, ಈ ಕಿಟಕಿ ಯಾರಿಗಿ ಇಟ್ಟಾರ್ರಿ?"

ಹೌದಲ್ಲ. ಆ ಕೋಣೆಯಲ್ಲಿ ದಿನವಿಡೀ ಕೂರುವವರು ಮಕ್ಕಳು. ಕೂತ ಮಗುವಿಗೆ ಆ ಕಿಟಕಿಯಲ್ಲಿ ಕಾಣುವುದು ಮುಗಿಲು ಮಾತ್ರ. ದೊಡ್ಡವರು ನಿಂತು ನೋಡುವ ಎತ್ತರಕ್ಕೆ ಅದನ್ನು ಇಟ್ಟಿದ್ದಾರೆ.

"ಐದು ವರ್ಷ ಕಾಲೇಜು, ನಾಕು ವರ್ಷ ಆಫೀಸು. ಈ ಪ್ರಶ್ನೆ ನನಗ ಯಾರೂ ಕೇಳಿದ್ದಿಲ್ಲ ಕಾಕಾ," ಅಂದಳು. ಹೇಳುವಾಗ ಅವಳ ಮಾರಿ ನೋಡಬೇಕಿತ್ತು ನೀವು. ಶಾಲೆಯವರು ಈ ಬೇಸಿಗೆ ರಜೆಯಲ್ಲಿ ಇನ್ನೊಂದು ಕೋಣೆ ಕಟ್ಟಿಸುವವರಿದ್ದಾರೆ. ಕಿಟಕಿ ನೆಲದಿಂದ ಎರಡು ಅಡಿಗೆ ಬರಲಿದೆ. ನಕ್ಷೆ ಯಾರು ಹಾಕಿದ್ದಾರೆ ಎಂದು ನಾನು ಹೇಳಬೇಕಿಲ್ಲ.

ಅಣ್ಣನಿಗೆ ಫೋನು ಮಾಡಿ, ಹುಡುಗಿಗೆ ನಾನು ಬುದ್ಧಿ ಹೇಳಲು ಆಗಲಿಲ್ಲ ಎಂದೆ. ಕೋಣೆ ಮುಗಿದ ದಿನ ಶಾಲೆಗೆ ಬಂದು ನೋಡು, ಆಮೇಲೆ ಬೈಯುವುದಿದ್ದರೆ ಬೈ ಎಂದೂ ಹೇಳಿದೆ. ಅವನು ಹೂಂ ಅಂದಿಲ್ಲ, ಉಹೂಂ ಅಂತಲೂ ಅಂದಿಲ್ಲ.

ಕೇಳುಗರೇ, ಇನ್ನು ಸ್ವಲ್ಪ ಹೊತ್ತಿಗೆ ನೀವು ಹೊಲಕ್ಕೆ, ಕಚೇರಿಗೆ, ಅಂಗಡಿಗೆ ಹೊರಡುತ್ತೀರಿ. ಕೆಲಸ ಬೇಸರ ತಂದಿದ್ದರೆ ರಾಜೀನಾಮೆ ಪತ್ರಕ್ಕೆ ಕೈ ಹಾಕುವ ಮೊದಲು ಒಂದು ಸಣ್ಣ ಕೆಲಸ ಮಾಡಿ. ನೀವು ಸಹಿ ಹಾಕಿದ ಕಡತ, ನೀವು ಹೊಲಿದ ಅಂಗಿ, ನೀವು ಕಳಿಸಿದ ಹಾಲು ಯಾರ ಮನೆ ಮುಟ್ಟಿತು ಎಂದು ವಿಚಾರಿಸಿ. ಸಾಧ್ಯವಾದರೆ ಒಮ್ಮೆ ಅಲ್ಲಿಗೆ ಹೋಗಿ ಬನ್ನಿ. ಆ ಮಾರಿ ನೋಡಿದ ಮೇಲೂ ಬಿಡಬೇಕು ಅನ್ನಿಸಿದರೆ, ಸಾಲ ತೀರಿಸಿ ಬಿಡಿ.