ಆಡು ಮತ್ತು ಧ್ವನಿವರ್ಧಕ: ಅತೀಂದ್ರಿಯ ಸೈನಿಕರ ಚಿತ್ರವೊಂದರ ಮರುಪರಿಶೀಲನೆ



ಯಾರ ಹೆಸರಿನಲ್ಲಿ ಈ ದತ್ತಿ ನಡೆದುಬಂದಿದೆಯೋ ಆ ಮೇಷ್ಟ್ರು ಹಗಲು ಭೌತಶಾಸ್ತ್ರ ಪಾಠ ಮಾಡಿ ಸಂಜೆ ಕಾಲೇಜಿನ ಚಿತ್ರಸಮಾಜ ನಡೆಸುತ್ತಿದ್ದವರು. ಪ್ರಯೋಗಶಾಲೆಯಲ್ಲಿ ಯಾವ ಅಳತೆಗೋಲು ಹಿಡಿಯುತ್ತಿದ್ದರೋ ಬೆಳ್ಳಿತೆರೆಯ ಮುಂದೆಯೂ ಅದನ್ನೇ ಹಿಡಿಯುತ್ತಿದ್ದರು. ಅವರ ಹೆಸರಿನ ವೇದಿಕೆಯಲ್ಲಿ ಮಾತನಾಡಲು ಕರೆದದ್ದು ನನ್ನ ಪಾಲಿಗೆ ದೊಡ್ಡ ಗೌರವ. ಅವರ ಎರಡೂ ಆಸಕ್ತಿಗಳು ಕೂಡುವ ವಿಷಯವನ್ನೇ ಆರಿಸಿಕೊಂಡಿದ್ದೇನೆ. ಅದು 2009ರ ‘ದಿ ಮೆನ್ ಹೂ ಸ್ಟೇರ್ ಅಟ್ ಗೋಟ್ಸ್’ ಎಂಬ ಅಮೆರಿಕನ್ ಚಿತ್ರ.

ಚಿತ್ರದ ಪರಿಚಯಕ್ಕೆ ಹೆಚ್ಚು ಹೊತ್ತು ತೆಗೆದುಕೊಳ್ಳುವುದಿಲ್ಲ. ನಿರ್ದೇಶಕ ಗ್ರಾಂಟ್ ಹೆಸ್ಲೊವ್, ಚಿತ್ರಕಥೆ ಪೀಟರ್ ಸ್ಟ್ರಾಹನ್, ಮುಖ್ಯ ಪಾತ್ರಗಳಲ್ಲಿ ಜಾರ್ಜ್ ಕ್ಲೂನಿ, ಯೂವನ್ ಮೆಕ್‌ಗ್ರೆಗರ್, ಜೆಫ್ ಬ್ರಿಜಸ್, ಕೆವಿನ್ ಸ್ಪೇಸಿ. ಹೆಂಡತಿ ಬಿಟ್ಟುಹೋದ ಬೇಸರದಲ್ಲಿ ಇರಾಕ್ ಯುದ್ಧದ ವರದಿಗೆಂದು ಹೊರಟ ಬಾಬ್ ವಿಲ್ಟನ್ ಎಂಬ ಪತ್ರಕರ್ತನಿಗೆ ಕುವೈತ್‌ನಲ್ಲಿ ಲಿನ್ ಕ್ಯಾಸಡಿ ಎಂಬ ಮಾಜಿ ಸೈನಿಕ ಸಿಗುತ್ತಾನೆ. ಮನಸ್ಸಿನ ಬಲದಿಂದ ಮೋಡ ಚದುರಿಸುವ, ದಿಟ್ಟಿಸಿ ನೋಡಿಯೇ ಆಡಿನ ಗುಂಡಿಗೆ ನಿಲ್ಲಿಸುವ ತುಕಡಿಯೊಂದರಲ್ಲಿ ತಾನಿದ್ದೆ ಎನ್ನುತ್ತಾನೆ ಅವನು. ಚಿತ್ರಕ್ಕೆ ಆಧಾರ ಬ್ರಿಟಿಷ್ ಪತ್ರಕರ್ತ ಜಾನ್ ರಾನ್ಸನ್ 2004ರಲ್ಲಿ ಬರೆದ ಅದೇ ಹೆಸರಿನ ಪುಸ್ತಕ. ಆ ವರ್ಷವೇ ಬ್ರಿಟನ್ನಿನ ಚಾನೆಲ್ 4ರಲ್ಲಿ ರಾನ್ಸನ್ ಅವರ ಮೂರು ಕಂತುಗಳ ಸಾಕ್ಷ್ಯಚಿತ್ರವೂ ಪ್ರಸಾರವಾಯಿತು. ಉಳಿದ ಕಥೆಯನ್ನು ನೀವು ಚಿತ್ರ ನೋಡಿಯೇ ತಿಳಿಯಬಹುದು.

ಹಿನ್ನೆಲೆಯ ಇತಿಹಾಸವೂ ಈಗ ಗುಟ್ಟಿನದೇನಲ್ಲ. 1972ರ ಹೊತ್ತಿಗೆ ಅಮೆರಿಕದ ಸಿಐಎ ಹಣದಿಂದ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಭೌತವಿಜ್ಞಾನಿಗಳಾದ ಹೆರಾಲ್ಡ್ ಪುಟ್‌ಹಾಫ್ ಮತ್ತು ರಸೆಲ್ ಟಾರ್ಗ್ ‘ರಿಮೋಟ್ ವ್ಯೂಯಿಂಗ್’ ಪ್ರಯೋಗಗಳನ್ನು ಆರಂಭಿಸಿದರು. ಕೋಣೆಯಲ್ಲಿ ಕೂತವನು ದೂರದ ಸ್ಥಳವನ್ನು ಮನಸ್ಸಿನಿಂದಲೇ ಕಂಡು ವರ್ಣಿಸಬೇಕು, ಅದೇ ಪ್ರಯೋಗ. ಕೆಲಸ ಮುಂದೆ ಸೇನೆಯ ಕೈಗೆ ಬಂತು, ಮೇರಿಲ್ಯಾಂಡಿನ ಫೋರ್ಟ್ ಮೀಡ್‌ನಲ್ಲಿ ಒಂದು ಘಟಕವಾಯಿತು. ಗ್ರಿಲ್ ಫ್ಲೇಮ್, ಸೆಂಟರ್ ಲೇನ್, ಸನ್ ಸ್ಟ್ರೀಕ್ ಎಂದು ಹೆಸರು ಬದಲಿಸುತ್ತಾ ಕೊನೆಗೆ ಸ್ಟಾರ್ ಗೇಟ್ ಆಗಿ 1995ರಲ್ಲಿ ಮುಚ್ಚಿತು. ಎರಡು ದಶಕಗಳಲ್ಲಿ ಸುಮಾರು 2 ಕೋಟಿ ಡಾಲರ್ ಖರ್ಚಾಗಿತ್ತು. 1980ರ ದಶಕದ ಆರಂಭದಲ್ಲಿ ಸೇನೆಯ ಗುಪ್ತಚರ ಕಮಾಂಡಿನ ಮುಖ್ಯಸ್ಥರಾಗಿದ್ದ ಮೇಜರ್ ಜನರಲ್ ಆಲ್ಬರ್ಟ್ ಸ್ಟಬಲ್‌ಬೈನ್ ತಮ್ಮ ಕಚೇರಿಯ ಗೋಡೆಯೊಳಗಿಂದ ನಡೆದುಹೋಗಲು ಯತ್ನಿಸಿದ್ದನ್ನು ರಾನ್ಸನ್ ಅವರಿಗೆ ತಾವೇ ಹೇಳಿಕೊಂಡಿದ್ದಾರೆ. ಚಿತ್ರದ ಮೊದಲ ದೃಶ್ಯ ಅದೇ. ಜನರಲ್ ಹಾಪ್‌ಗುಡ್ ಗೋಡೆಯತ್ತ ಓಡಿ, ಡಿಕ್ಕಿ ಹೊಡೆದು ನೆಲಕ್ಕೆ ಬೀಳುತ್ತಾನೆ.

ಮೊದಲ ತಕರಾರು ಇಲ್ಲಿಂದಲೇ ಏಳುತ್ತದೆ. ಒಂದು ದೊಡ್ಡ ದೇಶ ಇಷ್ಟು ವರ್ಷ ಇಷ್ಟು ಹಣ ಸುರಿದಿದೆ ಎಂದರೆ ಏನೋ ಇದ್ದಿರಲೇಬೇಕು ಎನ್ನುವವರು ಹಲವರು. ನಮ್ಮಲ್ಲೂ ಇದ್ದಾರೆ. ಅಮೆರಿಕದವರು ನಮ್ಮ ಸಿದ್ಧಿಗಳನ್ನೇ ತಡವಾಗಿ ಕಂಡುಕೊಂಡರು ಎಂದು ಹೆಮ್ಮೆಯಿಂದ ಹೇಳುವವರ ಜೊತೆ ನಾನು ವಾದ ಮಾಡಿದ್ದೇನೆ. ಖರ್ಚನ್ನೇ ಪುರಾವೆ ಎಂದು ಒಪ್ಪಿದರೆ ಸರ್ಕಾರಗಳು ಮಾಡಿದ ಯಾವ ಕೆಲಸವನ್ನೂ ತಪ್ಪೆನ್ನಲು ಆಗುವುದಿಲ್ಲ. ಈ ಯೋಜನೆಯ ಬಗ್ಗೆ 1995ರಲ್ಲಿ ನಡೆದ ಪರಿಶೀಲನೆಯಲ್ಲಿ ಸಂಖ್ಯಾಶಾಸ್ತ್ರಜ್ಞೆ ಜೆಸಿಕಾ ಅಟ್ಸ್ ಮತ್ತು ಮನಶ್ಶಾಸ್ತ್ರಜ್ಞ ರೇ ಹೈಮನ್ ಒಂದೇ ದತ್ತಾಂಶವನ್ನು ನೋಡಿ ಎದುರುಬದುರು ನಿಂತರು. ಪ್ರಯೋಗಗಳ ಫಲಿತಾಂಶ ಆಕಸ್ಮಿಕಕ್ಕಿಂತ ಹೆಚ್ಚಿನದು ಎಂದರು ಅಟ್ಸ್. ಆ ಹೆಚ್ಚಳಕ್ಕೆ ಅತೀಂದ್ರಿಯ ಶಕ್ತಿಯೇ ಕಾರಣ ಎನ್ನಲು ಪ್ರಯೋಗಗಳ ರಚನೆ ಅವಕಾಶ ಕೊಡುವುದಿಲ್ಲ, ಸ್ವತಂತ್ರವಾಗಿ ಮರುಕಳಿಸದ ಫಲಿತಾಂಶ ವಿಜ್ಞಾನದ ಲೆಕ್ಕಕ್ಕೆ ಬಾರದು ಎಂದರು ಹೈಮನ್. ನಂಬುವವರು ಅಟ್ಸ್ ಅವರ ವಾಕ್ಯಗಳನ್ನು ಎತ್ತಿ ತೋರಿಸಿ ಅಲ್ಲಿಗೇ ನಿಲ್ಲಿಸುತ್ತಾರೆ. ಅದೇ ಪರಿಶೀಲನೆಯ ಮುಖ್ಯ ತೀರ್ಮಾನ, ಅಂದರೆ ಈ ವಿಧಾನ ಯಾವ ಗುಪ್ತಚರ ಕಾರ್ಯಾಚರಣೆಗೂ ಆಧಾರವಾಗಬಲ್ಲ ಮಾಹಿತಿ ಕೊಟ್ಟಿಲ್ಲ ಎಂಬುದು, ಅವರ ಬಾಯಲ್ಲಿ ಬರುವುದೇ ಇಲ್ಲ. ಇದು ಪ್ರಾಮಾಣಿಕ ವಾದವಲ್ಲ.

ಸ್ಟ್ಯಾನ್‌ಫರ್ಡ್ ಸಂಸ್ಥೆಯ ಅದೇ ಇಬ್ಬರು, ತನಗೆ ಅತೀಂದ್ರಿಯ ಶಕ್ತಿಯಿದೆ ಎನ್ನುತ್ತಿದ್ದ ಯೂರಿ ಗೆಲರ್ ಮೇಲಿನ ಪ್ರಯೋಗಗಳನ್ನು 1974ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಎರಡೇ ವರ್ಷಗಳ ನಂತರ, 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರಿಶೀಲಿಸುವ ಸಮಿತಿ ರಚಿಸಿದರು. ಪವಾಡವನ್ನು ನಿಯಂತ್ರಿತ ಪರಿಸರದಲ್ಲಿ ತೋರಿಸಿ ಎಂಬುದಷ್ಟೇ ಸಮಿತಿಯ ಬೇಡಿಕೆ. ಪುಟ್ಟಪರ್ತಿಯ ಸಾಯಿಬಾಬಾ ಅವರಿಗೆ ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ. ಅಮೆರಿಕದ ಸಂಸ್ಥೆಯಲ್ಲಿದ್ದ ಹಣ ಆ ಸಮಿತಿಯ ಬಳಿ ಇರಲಿಲ್ಲ, ಆದರೆ ಕೇಳಬೇಕಾದ ಪ್ರಶ್ನೆ ಇತ್ತು. ಎಚ್ಚೆನ್ ಅವರ ಮಾತು ಬಂದರೆ ನಮ್ಮ ಮೇಷ್ಟ್ರ ಮುಖ ಅರಳುತ್ತಿತ್ತು ಎಂಬುದನ್ನು ಈ ಸಭೆಯ ಹಿರಿಯರು ಬಲ್ಲರು.

ಇನ್ನು ನಾನು ನಿಜವಾಗಿ ಹೇಳಬೇಕೆಂದು ಬಂದ ಮಾತು. ಈ ಚಿತ್ರದ ಬಗ್ಗೆ ಮಾತನಾಡುವವರೆಲ್ಲ ಆಡಿನ ಬಗ್ಗೆ ಮಾತನಾಡುತ್ತಾರೆ. ಪುಸ್ತಕ, ಸಾಕ್ಷ್ಯಚಿತ್ರ, ಚಲನಚಿತ್ರ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದ ಮೇಲೆ ನನಗೆ ಖಚಿತವಾದದ್ದು ಬೇರೆ. ಈ ಕಥೆಯ ತಿರುಳು ಇರುವುದು ಆಡಿನಲ್ಲಲ್ಲ, ಧ್ವನಿವರ್ಧಕದಲ್ಲಿ. ಚಲನಚಿತ್ರ ಕಳೆದುಕೊಂಡದ್ದೂ ಅದನ್ನೇ.

ಚಿತ್ರದಲ್ಲಿ ಆ ತುಕಡಿಯನ್ನು ಕಟ್ಟುವ, ಜೆಫ್ ಬ್ರಿಜಸ್ ಮಾಡಿದ ಬಿಲ್ ಜ್ಯಾಂಗೊ ಪಾತ್ರದ ಹಿಂದೆ ಇರುವವರು ಲೆಫ್ಟಿನೆಂಟ್ ಕರ್ನಲ್ ಜಿಮ್ ಚಾನನ್. ವಿಯೆಟ್ನಾಮ್‌ನಲ್ಲಿ ತಮ್ಮ ಕೈಕೆಳಗಿನ ಹುಡುಗರು ಸಾಯುವುದನ್ನು ಕಂಡು ಬಂದವರು. ಯುದ್ಧ ಮುಗಿದ ಮೇಲೆ ಸೇನೆಯ ಒಪ್ಪಿಗೆಯಿಂದಲೇ ಕ್ಯಾಲಿಫೋರ್ನಿಯಾದ ಧ್ಯಾನಕೂಟಗಳು, ಹೊಸಯುಗದ ಆಶ್ರಮಗಳನ್ನೆಲ್ಲ ಸುತ್ತಿ, 1979ರಲ್ಲಿ ‘ಫಸ್ಟ್ ಅರ್ತ್ ಬೆಟಾಲಿಯನ್’ ಎಂಬ ಸಚಿತ್ರ ಕೈಪಿಡಿ ಬರೆದರು. ಅವರ ಕಲ್ಪನೆಯ ಸೈನಿಕ ಕುರಿಮರಿಯನ್ನು ಎತ್ತಿಕೊಂಡು ಶತ್ರುವಿನ ಊರಿಗೆ ಹೋಗುತ್ತಾನೆ. ಮೈಗೆ ಕಟ್ಟಿಕೊಂಡ ಧ್ವನಿವರ್ಧಕದಿಂದ ಆ ನೆಲದ ಸಂಗೀತ, ಶಾಂತಿಯ ಮಾತು ಹೊಮ್ಮುತ್ತವೆ. ಇದನ್ನು ಓದಿ ನಗುವುದು ಸುಲಭ. ನನಗೆ ನಗು ಬರುವುದಿಲ್ಲ. ಸಾವು ಕಂಡು ಬಂದ ಮನುಷ್ಯನೊಬ್ಬ ಕೊಲ್ಲದ ಸೇನೆಯನ್ನು ಕಲ್ಪಿಸಿಕೊಂಡದ್ದು ಗೌರವಕ್ಕೆ ಅರ್ಹವಾದ ಕೆಲಸ.

ಆದರೆ ಕೈಪಿಡಿ ಅಲ್ಲಿಗೆ ನಿಲ್ಲುವುದಿಲ್ಲ. ಶಾಂತಿಯ ಸಂಗೀತಕ್ಕೆ ಶತ್ರು ಮಣಿಯದಿದ್ದರೆ ಅದೇ ಧ್ವನಿವರ್ಧಕ ಕರ್ಕಶ, ತಾಳತಪ್ಪಿದ ಸದ್ದಿಗೆ ತಿರುಗಬೇಕು ಎನ್ನುತ್ತದೆ. ಉಪಕರಣ ಒಂದೇ, ಹೊತ್ತವನೂ ಒಬ್ಬನೇ. ಜಾತ್ರೆಯ ಪೆಂಡಾಲಿನ ಪಕ್ಕ ಮನೆಯಿದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಂಜೆ ಭಕ್ತಿಗೀತೆ ಹಾಡಿದ ಮೈಕೇ ನಡುರಾತ್ರಿ ಎದೆ ನಡುಗಿಸುತ್ತದೆ. ವ್ಯತ್ಯಾಸವೆಂದರೆ ಪೆಂಡಾಲಿನ ಪಕ್ಕದ ಮನೆಯವನು ಎದ್ದು ಹೋಗಬಲ್ಲ.

2003ರ ಮೇ ತಿಂಗಳಲ್ಲಿ ‘ನ್ಯೂಸ್‌ವೀಕ್’ ಒಂದು ಸಣ್ಣ ಸುದ್ದಿ ಹಾಕಿತು. ಇರಾಕಿನಲ್ಲಿ ಅಮೆರಿಕದ ಮನೋಯುದ್ಧ ವಿಭಾಗದವರು ಕೈದಿಗಳ ಬಾಯಿ ಬಿಡಿಸಲು ಮೆಟಾಲಿಕಾ ತಂಡದ ಹಾಡನ್ನೂ ಮಕ್ಕಳ ಟಿವಿ ಕಾರ್ಯಕ್ರಮದ ನೇರಳೆ ಬಣ್ಣದ ಡೈನೊಸಾರ್ ಬಾರ್ನಿಯ ಹಾಡನ್ನೂ ಮತ್ತೆ ಮತ್ತೆ ಹಾಕುತ್ತಿದ್ದಾರೆ ಎಂದು. ಸಿರಿಯಾ ಗಡಿಯ ಅಲ್ ಖಾಇಮ್‌ನಲ್ಲಿ ಸರಕು ಸಾಗಿಸುವ ಕಬ್ಬಿಣದ ಕಂಟೇನರಿನೊಳಗೆ ಕೈದಿಗಳನ್ನು ಕೂಡಿಟ್ಟು ಹೀಗೆ ಮಾಡಲಾಗುತ್ತಿತ್ತು. ಟಿವಿ ವಾರ್ತೆಗಳಲ್ಲಿ ಇದೊಂದು ತಮಾಷೆಯ ತುಣುಕಾಗಿ ಹೋಯಿತು. ರಾನ್ಸನ್ ಅವರ ಪುಸ್ತಕದ ಹಿರಿಮೆ ಇರುವುದು ಈ ನಗುವನ್ನು ತಡೆದು ನಿಲ್ಲಿಸಿದ್ದರಲ್ಲಿ. ಕೂಡಿಹಾಕಿದ ಮನುಷ್ಯನ ನಿದ್ದೆ ಕೆಡಿಸುವ ಸದ್ದು ಮಕ್ಕಳ ಹಾಡಾದರೂ ಹಿಂಸೆಯೇ. ಹಾಡು ತಮಾಷೆಯದಾಗಿದ್ದರಿಂದಲೇ ಹಿಂಸೆ ಕಣ್ಣಿಗೆ ಬೀಳಲಿಲ್ಲ. ಅವರ ಸಾಕ್ಷ್ಯಚಿತ್ರದ ಎರಡನೆಯ ಕಂತಿನ ಹೆಸರೇ ‘ಫನ್ನಿ ಟಾರ್ಚರ್’.

ಸದ್ದನ್ನು ಆಯುಧವಾಗಿಸುವುದು ಇರಾಕಿನಲ್ಲಿ ಹುಟ್ಟಿದ್ದಲ್ಲ. 1971ರಲ್ಲಿ ಉತ್ತರ ಐರ್ಲೆಂಡಿನಲ್ಲಿ ಬ್ರಿಟಿಷರು ಬಂಧಿತರ ಮೇಲೆ ಪ್ರಯೋಗಿಸಿದ ಐದು ವಿಧಾನಗಳಲ್ಲಿ ಎಡೆಬಿಡದ ಸದ್ದೂ ಒಂದು. ಮುಖಕ್ಕೆ ಮುಸುಕು ಹಾಕುವುದು, ಗೋಡೆಗೆ ಒರಗಿಸಿ ನಿಲ್ಲಿಸುವುದು, ನಿದ್ದೆಗೆಡಿಸುವುದು, ಅನ್ನನೀರು ಕಡಿಮೆ ಮಾಡುವುದು ಉಳಿದ ನಾಲ್ಕು. ಯುರೋಪಿನ ಮಾನವ ಹಕ್ಕುಗಳ ಆಯೋಗ 1976ರಲ್ಲಿ ಈ ವಿಧಾನಗಳನ್ನು ಚಿತ್ರಹಿಂಸೆ ಎಂದಿತು. 1978ರಲ್ಲಿ ನ್ಯಾಯಾಲಯ ಒಂದು ಮೆಟ್ಟಿಲು ಕೆಳಗಿಳಿದು ಅಮಾನವೀಯ, ಅವಮಾನಕರ ನಡವಳಿಕೆ ಎಂದಷ್ಟೇ ಹೇಳಿತು. ಮೈಮೇಲೆ ಗಾಯ ಕಾಣದ ಹಿಂಸೆಗೆ ರಕ್ಷಣೆ ಸಿಕ್ಕಿದ್ದು ಆ ಒಂದು ಮೆಟ್ಟಿಲ ಸಂದಿಯಲ್ಲಿ. ಸಂಗೀತಶಾಸ್ತ್ರಜ್ಞೆ ಸುಜಾನ್ ಕ್ಯೂಸಿಕ್ 2006ರಿಂದ ಸಂಗೀತವನ್ನು ಹಿಂಸೆಗೆ ಬಳಸುವ ಬಗ್ಗೆ ಬರೆದಿದ್ದಾರೆ. 2008ರ ಡಿಸೆಂಬರಿನಲ್ಲಿ ಬ್ರಿಟನ್ನಿನ ರಿಪ್ರೀವ್ ಸಂಸ್ಥೆ ಇಂಥ ಬಳಕೆಯ ವಿರುದ್ಧ ‘ಜೀರೊ ಡಿಬಿ’ ಚಳವಳಿ ಹೂಡಿತು. 2009ರ ಅಕ್ಟೋಬರಿನಲ್ಲಿ ಆರ್‌ಇಎಂ, ಪರ್ಲ್ ಜ್ಯಾಮ್‌ನಂಥ ತಂಡಗಳ ಕಲಾವಿದರು, ಬಂದಿಖಾನೆಗಳಲ್ಲಿ ಸಂಗೀತದ ಬಳಕೆಯ ಕಡತಗಳನ್ನು ಬಹಿರಂಗಪಡಿಸಿ ಎಂಬ ಬೇಡಿಕೆಯ ಬೆನ್ನಿಗೆ ನಿಂತರು. ಮುಂದಿನ ತಿಂಗಳು, ನವೆಂಬರ್ 6ರಂದು, ನಮ್ಮ ಚಿತ್ರ ಅಮೆರಿಕದಲ್ಲಿ ಬಿಡುಗಡೆಯಾಯಿತು.

ಹೊರಗೆ ಈ ವಾದ ಕಾವೇರಿದ್ದಾಗ ಚಿತ್ರ ಏನು ಮಾಡಿತು? ಜ್ಯಾಂಗೊನನ್ನು ಒಳ್ಳೆಯವನಾಗಿಸಿ, ಲ್ಯಾರಿ ಹೂಪರ್ ಎಂಬ ಅಸೂಯೆಯ ಮನುಷ್ಯನನ್ನು ಕೆಟ್ಟವನಾಗಿಸಿತು. ತುಕಡಿಯನ್ನು ಹಾಳುಮಾಡಿದವನು ಹೂಪರ್, ಮುಂದೆ ಇರಾಕಿನ ಮರಳುಗಾಡಿನಲ್ಲಿ ಬಾರ್ನಿ ಹಾಡು ಹಾಕಿ ಹಿಂಸೆ ಕೊಡಿಸುವವನೂ ಅವನೇ. ಕೈಪಿಡಿಯಲ್ಲಿ ಒಂದೇ ಧ್ವನಿವರ್ಧಕದ ಎರಡು ಬಳಕೆಗಳಾಗಿದ್ದದ್ದು ಚಿತ್ರದಲ್ಲಿ ಇಬ್ಬರು ವ್ಯಕ್ತಿಗಳಾಗಿ ಸೀಳಿಹೋಯಿತು. ಖಳನೊಬ್ಬ ಸಿಕ್ಕ ಕೂಡಲೇ ಪ್ರೇಕ್ಷಕನ ಮನಸ್ಸು ಹಗುರಾಗುತ್ತದೆ. ಚಾನನ್ ಅವರ ಸದಾಶಯದ ಪುಟದಲ್ಲೇ ಆ ಎರಡನೆಯ ಬಳಕೆಯೂ ಇತ್ತು ಎಂಬ ನಿಜವಾದ ಕಳವಳ ತೆರೆಯ ಮೇಲೆ ಬರುವುದೇ ಇಲ್ಲ. ರಾನ್ಸನ್ ಅವರ ಪುಸ್ತಕದಲ್ಲಿ ಇಂಥ ಹೂಪರ್ ಇಲ್ಲ. ಇದನ್ನು ರೂಪಾಂತರದ ಅನಿವಾರ್ಯತೆ, ಎರಡು ಗಂಟೆಯೊಳಗಿನ ಕಥೆಗೆ ಖಳ ಬೇಕು ಎಂದು ಸಮರ್ಥಿಸುವವರಿದ್ದಾರೆ. ಜೋಸೆಫ್ ಹೆಲ್ಲರ್ ಅವರ ‘ಕ್ಯಾಚ್-22’ರಲ್ಲಿ ಖಳ ಯಾರು? ನಿಯಮವೇ. ಸೈನಿಕ ಸ್ನೋಡನ್ನನ ಗಾಯದ ನೆನಪು ಆ ಕಾದಂಬರಿಯಲ್ಲಿ ತುಣುಕುತುಣುಕಾಗಿ ಬಂದು ಕೊನೆಗೊಮ್ಮೆ ಪೂರ್ತಿ ತೆರೆದುಕೊಳ್ಳುವಾಗ ಅಲ್ಲಿಯವರೆಗೆ ನಕ್ಕದ್ದೆಲ್ಲ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಯುದ್ಧಹಾಸ್ಯಕ್ಕೆ ಅದು ಸಾಧ್ಯ ಎಂದು 1961ರಲ್ಲೇ ತೋರಿಸಲಾಗಿತ್ತು.

ಇರಾಕ್ ಭಾಗ ಬಂದೊಡನೆ ಚಿತ್ರ ಭಾರವಾಗುತ್ತದೆ, ಹಿಂದಿನ ಕಾಲದ ತಮಾಷೆಯ ಭಾಗವೇ ಚೆನ್ನ ಎಂಬುದು ಹಲವು ವಿಮರ್ಶಕರ ಅಭಿಪ್ರಾಯ. ನಾನು ಇದನ್ನು ಪೂರ್ತಿ ತಲೆಕೆಳಗಾಗಿಸುತ್ತೇನೆ. ಇಡೀ ಚಿತ್ರದ ಅತ್ಯಂತ ತೀಕ್ಷ್ಣವಾದ ಸಂಗತಿ ಇರಾಕ್ ಭಾಗದ ಕೊನೆಯಲ್ಲಿದೆ. ಊರಿಗೆ ಮರಳಿದ ಬಾಬ್ ತಾನು ಕಂಡದ್ದೆಲ್ಲವನ್ನೂ ಬರೆಯುತ್ತಾನೆ. ಸುದ್ದಿವಾಹಿನಿ ಎತ್ತಿಕೊಳ್ಳುವುದು ಬಾರ್ನಿ ಹಾಡಿನ ಒಂದೇ ತುಣುಕನ್ನು, ಅದೂ ನಗೆಯ ಸುದ್ದಿಯಾಗಿ. ಅಲ್ಲಿಯವರೆಗೆ ಥಿಯೇಟರಿನಲ್ಲಿ ನಕ್ಕವರು ನಾವೇ. ಆ ಕ್ಷಣದಲ್ಲಿ ಚಿತ್ರ ನಮ್ಮತ್ತ ತಿರುಗುತ್ತದೆ. ಅಲ್ಲಿಗೇ ಮುಗಿದಿದ್ದರೆ ಇದನ್ನು ನಾನು ದೊಡ್ಡ ಚಿತ್ರ ಎನ್ನುತ್ತಿದ್ದೆ.

ಮುಗಿಯುವುದಿಲ್ಲ. ಬಾಬ್ ಮನಸ್ಸು ಏಕಾಗ್ರಗೊಳಿಸಿ ಗೋಡೆಯತ್ತ ಓಡುತ್ತಾನೆ, ಈ ಸಲ ಗೋಡೆ ದಾರಿ ಬಿಡುತ್ತದೆ. ಜನರಲ್ ಸೋತಲ್ಲಿ ಪತ್ರಕರ್ತ ಗೆಲ್ಲುತ್ತಾನೆ. ಇದನ್ನು ವಿಶ್ವಾಸದ ರೂಪಕ, ಸುಳ್ಳಿನ ಗೋಡೆಯನ್ನು ಸತ್ಯ ದಾಟುವ ಸಂಕೇತ ಎಂದು ಮೆಚ್ಚಿ ಬರೆದವರಿದ್ದಾರೆ. ಅವರ ಬಗ್ಗೆ ಗೌರವವಿಟ್ಟುಕೊಂಡೇ ಹೇಳುತ್ತೇನೆ, ಈ ಓದು ಒಪ್ಪುವಂಥದ್ದಲ್ಲ. ಕಂಟೇನರಿನ ಕಬ್ಬಿಣದ ಗೋಡೆ ಯಾರ ವಿಶ್ವಾಸಕ್ಕೂ ಕರಗಲಿಲ್ಲ. ಒಳಗಿದ್ದವರಿಗೆ ಬೇಕಿದ್ದದ್ದು ಬಾಗಿಲು ತೆರೆಯುವ ಕೈ, ಆಮೇಲೆ ಕೇಳುವ ಕಿವಿ. ಕ್ಯಾಂಪಿನ ನೀರಿಗೆ, ಊಟಕ್ಕೆ ಎಲ್‌ಎಸ್‌ಡಿ ಬೆರೆಸಿ, ಸೈನಿಕರು ಅಮಲಿನಲ್ಲಿರುವಾಗ ಆಡುಗಳನ್ನೂ ಕೈದಿಗಳನ್ನೂ ಬಿಟ್ಟುಕಳಿಸುವ ದೃಶ್ಯದಲ್ಲೂ ಇದೇ ದೋಷ. ಆಡಿಗೂ ಕೈದಿಗೂ ಒಂದೇ ಬಿಡುಗಡೆ, ಒಂದೇ ಹೊತ್ತಿನ ಸಂಭ್ರಮ. ಆ ಕೈದಿಗಳಲ್ಲಿ ಒಬ್ಬನಿಗಾದರೂ ಹೆಸರಿಲ್ಲ, ಹೇಳಿಕೊಳ್ಳಲು ಮಾತಿಲ್ಲ. ಅವರು ಕೇಳಿದ ಸದ್ದು ನಮ್ಮ ಕಿವಿಗೆ ಅವರ ಕಿವಿಯಿಂದ ಒಮ್ಮೆಯೂ ಬೀಳುವುದಿಲ್ಲ.

ಸ್ಟ್ಯಾನ್ಲಿ ಕುಬ್ರಿಕ್ ‘ಡಾ. ಸ್ಟ್ರೇಂಜ್‌ಲವ್’ ಚಿತ್ರಕ್ಕೆ ಯುದ್ಧಕೋಣೆಯಲ್ಲಿ ಎಲ್ಲರೂ ಕ್ರೀಮ್ ತಿನಿಸು ಎರಚಾಡುವ ಅಂತ್ಯವನ್ನು ಚಿತ್ರೀಕರಿಸಿ, ಬಳಿಕ ಕಿತ್ತುಹಾಕಿದರು. 1964ರಲ್ಲಿ ಜನ ನೋಡಿದ್ದು ಬಾಂಬುಗಳ ಸಾಲನ್ನು. ಆ ಕತ್ತರಿ ಹೆಸ್ಲೊವ್ ಅವರ ಕೈಯಲ್ಲೂ ಇತ್ತು. ಕ್ಲೂನಿ ಜೊತೆ ‘ಗುಡ್ ನೈಟ್, ಆ್ಯಂಡ್ ಗುಡ್ ಲಕ್’ ಬರೆದವರು ಅವರು. ಸುದ್ದಿಮನೆಯ ಹೊಣೆ ಏನೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನನ್ನ ಅಸಮಾಧಾನ ಇಷ್ಟು ತೀವ್ರವಾಗಿರುವುದು ಅದಕ್ಕೇ.

2014ರ ಡಿಸೆಂಬರಿನಲ್ಲಿ ಅಮೆರಿಕದ ಸೆನೆಟ್ ಸಮಿತಿ ಸಿಐಎ ಬಂದಿಖಾನೆಗಳ ಬಗ್ಗೆ ಪ್ರಕಟಿಸಿದ ವರದಿಯಲ್ಲಿ ಕತ್ತಲ ಕೋಣೆ, ಸರಪಳಿ, ಎಡೆಬಿಡದೆ ಮೊಳಗುವ ಸಂಗೀತ ಎಲ್ಲವೂ ಇವೆ. ಚಿತ್ರವನ್ನು ಮತ್ತೆ ನೋಡುವವರು ಆ ವರದಿ ಬಂದ ಮೇಲೆ ನೋಡುತ್ತಿದ್ದೇವೆ ಎಂಬುದನ್ನು ಮರೆಯಬಾರದು.

ದತ್ತಿಯ ಸಂಚಾಲಕರಲ್ಲಿ ಒಂದು ಕೋರಿಕೆ. ಮೇಷ್ಟ್ರು ಕಟ್ಟಿದ ಚಿತ್ರಸಮಾಜದಲ್ಲಿ ಈ ಚಿತ್ರವನ್ನು ತೋರಿಸುವುದಾದರೆ ರಾನ್ಸನ್ ಅವರ ಸಾಕ್ಷ್ಯಚಿತ್ರದ ಎರಡನೆಯ ಕಂತನ್ನು ಅದೇ ಸಂಜೆ, ಚಿತ್ರಕ್ಕಿಂತ ಮೊದಲು ತೋರಿಸಿ. ಚರ್ಚೆಗೆ ಭೌತಶಾಸ್ತ್ರ ವಿಭಾಗದ ಹುಡುಗ ಹುಡುಗಿಯರನ್ನೂ ಕರೆಯಿರಿ. ನನ್ನ ವಾದವನ್ನು ಒಪ್ಪದವರು ಅಂದು ಮೊದಲು ಮಾತನಾಡಲಿ.